ಸಂಪಿನ ಮಳೆನೀರಿಗೆ ಕಪ್ಪು ಬಾಟಲಿಯ ಪರೀಕ್ಷೆ

ಪಾವಗಡ, ಬಾಗೇಪಲ್ಲಿ ಕಡೆ ಬೋರ್‌ವೆಲ್ಲಿನ ಫ್ಲೋರೈಡ್‌ಗೆ ಹೆದರಿ ತಾರಸಿಯ ಮಳೆನೀರನ್ನು ಸಂಪಿನಲ್ಲಿ ಹಿಡಿದಿಟ್ಟು ಕುಡಿಯುತ್ತಾರೆ. ಒಳ್ಳೆಯದೇ. ಆದರೆ ತಿಳಿಯಾಗಿದೆ, ಸಿಹಿಯಾಗಿದೆ ಎಂದು ಹಾಗೇ ಮಕ್ಕಳ ಲೋಟಕ್ಕೆ ಬಗ್ಗಿಸಬೇಡಿ. ಪಾರಿವಾಳದ ಹಿಕ್ಕೆ ಕರಗಿದ ನೀರೂ ತಿಳಿಯಾಗಿಯೇ ಇರುತ್ತದೆ. ಟಿಡಿಎಸ್ ಮೀಟರ್ ಅದನ್ನು ಹೇಳದು. ಅದು ಅಳೆಯುವುದು ಉಪ್ಪು, ಲವಣ. ಮಳೆನೀರಿನಲ್ಲಿ ಅದು ಸಾಮಾನ್ಯವಾಗಿ ಲೀಟರಿಗೆ 100 ಮಿಲಿಗ್ರಾಂ ಒಳಗೇ ಇರುತ್ತದೆ. 400, 500 ತೋರಿಸಿದರೆ ಯಾರೋ ಟ್ಯಾಂಕರ್ ನೀರು ಬೆರೆಸಿದ್ದಾರೆ ಅಥವಾ ಸಂಪು ಬಿರುಕು ಬಿಟ್ಟು ಹೊರಗಿನ ನೀರು ಜಿನುಗುತ್ತಿದೆ. ಆಗ ಪಂಚಾಯಿತಿಯ ನೀರು ಪರೀಕ್ಷೆಯ ಕಿಟ್ಟಿನಲ್ಲಿ ಫ್ಲೋರೈಡನ್ನೂ ನೋಡಿಸಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಬಾರದು.

ರೋಗಾಣು ಪತ್ತೆಗೆ ಎಚ್‌ಟುಎಸ್ ಬಾಟಲಿಯೇ ಬೇಕು; ಒಳಗೆ ಔಷಧವಿರುವ ಈ ಪರೀಕ್ಷಾ ಬಾಟಲಿಯಲ್ಲಿ ಮಲದ ಸೋಂಕಿನ ನೀರು ಕಪ್ಪಾಗುತ್ತದೆ. ಸಂಪಿಗೆ ಕ್ಲೋರಿನ್ ಹಾಕುವ ಮೊದಲೇ ತುಂಬಿ. ಕ್ಲೋರಿನ್ ಬಿದ್ದ ಮೇಲೆ ತುಂಬಿದರೆ, ಸಂಪಿಗೆ ಸೋಂಕು ಸೇರಿದ್ದರೂ ಬಾಟಲಿ ತೋರಿಸದಿರಬಹುದು. ಸೋಪು ಹಚ್ಚಿ ಕೈ ತೊಳೆಯಿರಿ, ನಲ್ಲಿಯ ಬಾಯಿ ಒರೆಸಿ, ಎರಡು ನಿಮಿಷ ನೀರು ಹರಿಯಬಿಡಿ. ಬಾಟಲಿಯನ್ನು ತೊಳೆಯಬೇಡಿ, ಒಳಗಿನ ಔಷಧ ಹೋಗುತ್ತದೆ. ಮುಚ್ಚಳದ ಒಳಮೈ ಮುಟ್ಟದೆ ಗುರುತಿನವರೆಗೆ ತುಂಬಿ, 25ರಿಂದ 35 ಡಿಗ್ರಿ ಬೆಚ್ಚಗಿರುವಲ್ಲಿ, ಬಿಸಿಲು ತಾಗದಂತೆ ಇಡಿ. ಚಳಿಗಾಲದಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ: ತಣ್ಣನೆಯ ಕೋಣೆಯಲ್ಲಿಟ್ಟು, ಕಪ್ಪಾಗಲಿಲ್ಲವೆಂದು ನೆಮ್ಮದಿಯಾಗುತ್ತಾರೆ. 24 ಗಂಟೆಯಾದ ಮೇಲೆ ಒಮ್ಮೆ, 48 ಗಂಟೆಯಾದ ಮೇಲೆ ಮತ್ತೊಮ್ಮೆ ನೋಡಿ. ಕಪ್ಪಾದರೆ ಮಲದ ಸೋಂಕು ಸೇರಿರುವ ಸಾಧ್ಯತೆ ಹೆಚ್ಚು. ಅಂದಿನಿಂದಲೇ ಕುಡಿಯುವ ನೀರನ್ನು ಕೊತಕೊತ ಕುದಿಸಿ.

ಸಂಪಿಗೆ 1,000 ಲೀಟರಿಗೆ 2.5 ಗ್ರಾಂ ಹೊಸ ಬ್ಲೀಚಿಂಗ್ ಪುಡಿ; 5,000 ಲೀಟರಿಗೆ 12.5 ಗ್ರಾಂ. ಚಿಟಿಕೆ ಲೆಕ್ಕ ಬೇಡ, ಚಿನಿವಾರರ ಅಂಗಡಿಯಲ್ಲಾದರೂ ತೂಗಿಸಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಸುರಿದು ಕಲಕಿ. ಒಂದು ಗಂಟೆಯ ನಂತರ, ನೀರಿನಲ್ಲಿ ಉಳಿದ ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪಿನಲ್ಲಿ ಲೀಟರಿಗೆ 0.5 ಮಿಲಿಗ್ರಾಂ ಕಾಣಬೇಕು. ಏನೂ ಕಾಣದಿದ್ದರೆ ಪುಡಿ ಹಳತಾಗಿ ಸತ್ವ ಕಳೆದುಕೊಂಡಿದೆ, ಇಲ್ಲವೇ ತಳದ ಕೊಳೆ ಕ್ಲೋರಿನ್ನನ್ನು ತಿಂದಿದೆ. ಹೊಸ ಸಿಮೆಂಟ್ ಸಂಪಿನಲ್ಲಿ ನೀರಿನ ಪಿಎಚ್ (ಕ್ಷಾರದ ಅಳತೆ) 8.5 ದಾಟಿ ಕ್ಲೋರಿನ್ನಿನ ಬಲ ಕುಗ್ಗುವುದೂ ಉಂಟು.

ಸೋಂಕು ಎಲ್ಲಿಂದ ಬಂತೆಂದು ಹುಡುಕದಿದ್ದರೆ ಮುಂದಿನ ಮಳೆಗೆ ಬಾಟಲಿ ಮತ್ತೆ ಕಪ್ಪಾಗುತ್ತದೆ. ತಾರಸಿ ಗುಡಿಸಿದ್ದೀರಾ, ಮೊದಲ ಮಳೆ ಹೊರಗೆ ಹೋಗುತ್ತಿದೆಯೇ (100 ಚದರ ಮೀಟರ್ ತಾರಸಿಗೆ ಕನಿಷ್ಠ 100 ಲೀಟರ್), ತುಂಬಿ ಹರಿಯುವ ಪೈಪಿಗೆ ಜಾಲರಿ ಇದೆಯೇ ನೋಡಿ. ಕಪ್ಪಾದ ಬಾಟಲಿಗೆ ಒಂದಿಷ್ಟು ಬ್ಲೀಚಿಂಗ್ ಪುಡಿ ಹಾಕಿ, ಅರ್ಧ ಗಂಟೆ ಬಿಟ್ಟು ಶೌಚಾಲಯಕ್ಕೆ ಚೆಲ್ಲಿ.