ಏಳು ಆಯಾಮದಲ್ಲಿ ಉಂಗುರ ಯಾವ ಕಡೆ ಹೋಗುತ್ತದೆ?

ಒಂದು ಮೈನಸ್ ಚಿಹ್ನೆ ನನ್ನ ಎರಡು ವಾರ ತಿಂದುಹಾಕಿತು.

ಆಗ ನಾನು ಜಿ2 ಹಾಲೊನಮಿ ಇರುವ ಏಳು ಆಯಾಮದ ಮ್ಯಾನಿಫೋಲ್ಡ್‌ಗಳ ಬಗ್ಗೆ ಓದುತ್ತಿದ್ದೆ. ಅವು ಬಾಗಿದ ಜಾಗಗಳು; ದಿಕ್ಕುಗಳನ್ನು ಎಲ್ಲಿ ಸುತ್ತಿಸಿ ತಂದರೂ ಅವುಗಳ ನಡುವಿನ ಒಂದು ವಿಶೇಷ ಗುಣಾಕಾರ ಅಲ್ಲಿ ಕೆಡುವುದಿಲ್ಲ. ಅಂಥ ಜಾಗದೊಳಗೆ ಹಾಕಬಹುದಾದ ಗಂಟುಗಳನ್ನೆಲ್ಲ, ಅಂದರೆ ತುದಿ ಕೂಡಿದ ದಾರಗಳನ್ನೆಲ್ಲ, ಒಟ್ಟು ಸೇರಿಸಿ. ಒಂದೊಂದು ಗಂಟೂ ಒಂದೊಂದು ಬಿಂದು. ಹಾಗೆ ಸಿಗುವ ಜಾಗಕ್ಕೆ ಆಯಾಮ ಅನಂತ. ಅಲ್ಲಿ ಅತ್ತಿತ್ತ ಸರಿಯುವುದೆಂದರೆ ದಾರವನ್ನು ಉದ್ದಕ್ಕೂ ಸ್ವಲ್ಪ ಸ್ವಲ್ಪ ಪಕ್ಕಕ್ಕೆ ತಳ್ಳುವುದು. ದಾರವನ್ನು ಅದರ ಗುಂಟವೇ ಜಾರಿಸಿದರೆ ಗಂಟು ಬದಲಾಗುವುದಿಲ್ಲ, ಅದು ಲೆಕ್ಕಕ್ಕಿಲ್ಲ. ಹಾಗಾಗಿ ದಾರದ ಮೇಲಿನ ಪ್ರತಿ ಜಾಗದಲ್ಲೂ ತಳ್ಳಲು ಉಳಿಯುವುದು ಆರು ದಿಕ್ಕು. ಸಮಸಂಖ್ಯೆ, ಅಲ್ವಾ? ಸಂಕೀರ್ಣ ರಚನೆಗೆ, ಅಂದರೆ ಎರಡು ಸಲ ಮಾಡಿದರೆ ಮೈನಸ್ ಕೊಡುವ, i ಎಂಬ ಸಂಖ್ಯೆಯಂಥ ತಿರುಗಿಸುವಿಕೆಗೆ, ಅದೇ ಬೇಕಾಗಿದ್ದು.

ರಚನೆ ಕೊಡುವುದು ಆ ಗುಣಾಕಾರವೇ, ಕ್ರಾಸ್ ಪ್ರಾಡಕ್ಟ್: ಎರಡು ದಿಕ್ಕುಗಳನ್ನು ಗುಣಿಸಿದರೆ ಎರಡಕ್ಕೂ ಲಂಬವಾದ ಇನ್ನೊಂದು ದಿಕ್ಕು. ಅದು ಮೂರು ಆಯಾಮ ಬಿಟ್ಟರೆ ಏಳರಲ್ಲಿ ಮಾತ್ರ ಇದೆ, ಆಕ್ಟೋನಿಯನ್‌ಗಳೆಂಬ ಎಂಟು ಆಯಾಮದ ಸಂಖ್ಯೆಗಳ ದಯೆಯಿಂದ. ದಾರದ ದಿಕ್ಕನ್ನು ತಳ್ಳುವ ದಿಕ್ಕಿನ ಜೊತೆ ಎರಡು ಸಲ ಗುಣಿಸಿದರೆ ಮೊದಲಿನದೇ ಮೈನಸ್ ಆಗಿ ಬರಬೇಕು.

ನನಗೆ ಬರಲಿಲ್ಲ. ಏಳು ದಿಕ್ಕುಗಳಿಗೆ 1ರಿಂದ 7ರವರೆಗೆ ಸಂಖ್ಯೆ ಕೊಟ್ಟಿದ್ದೆ. ದಾರ 1ನೇ ದಿಕ್ಕಿಗೋ 2ನೇ ದಿಕ್ಕಿಗೋ ನೇರ ಇದ್ದಾಗ ಎಲ್ಲ ಸರಿ. ಎರಡರ ನಡುವೆ ಓರೆಯಾಗಿ ಹೋಗುವ ದಾರವನ್ನು 4ರ ಕಡೆ ತಳ್ಳಿದರೆ ಉತ್ತರದಲ್ಲಿ ಮೈನಸ್ 4ರ ಜೊತೆ ಒಂದು 7 ಅಂಟಿಕೊಂಡಿತ್ತು. 1ನ್ನು 6ರ ಜೊತೆ ಗುಣಿಸಿದರೆ 7, 2ನ್ನು 5ರ ಜೊತೆ ಗುಣಿಸಿದರೆ ಮೈನಸ್ 7, ಇವೆರಡೂ ಹೊಡೆದುಹೋಗಬೇಕಿತ್ತು. ನಾನು ಗುಣಾಕಾರದ ಅರ್ಧ ಕೋಷ್ಟಕ ಒಂದು ಪುಸ್ತಕದಿಂದ, ಉಳಿದರ್ಧ ಇನ್ನೊಂದರಿಂದ ಇಳಿಸಿಕೊಂಡಿದ್ದೆ, ಎರಡರ ಚಿಹ್ನೆಗಳು ಹೊಂದುತ್ತಿರಲಿಲ್ಲ. ನೇರ ದಿಕ್ಕುಗಳನ್ನಷ್ಟೇ ನೋಡಿದರೆ ಈ ತಪ್ಪು ಸಿಗುವುದೇ ಇಲ್ಲ, ಚಿಹ್ನೆ ಎರಡು ಸಲ ಬಂದು ತಾನೇ ಮುಚ್ಚಿಹೋಗುತ್ತದೆ.

ಕೋಷ್ಟಕ ಸರಿಯಾದ ಮೇಲೆ ಸುಮ್ನೆ ಒಂದು ಆಟ ಆಡಿದೆ. ಮೂರು ಆಯಾಮದ ಗಂಟುಗಳ ಜಾಗದಲ್ಲಿ ಸಿಂಪ್ಲೆಕ್ಟಿಕ್ ರಚನೆ (ಶಕ್ತಿ ಯಾವುದೆಂದು ಕೊಟ್ಟರೆ ಚಲನೆ ಹೇಗೆಂದು ಹೇಳುವ ರಚನೆ) ಇದೆ ಎಂದು ಮಾರ್ಸ್‌ಡೆನ್ ಮತ್ತು ವೈನ್‌ಸ್ಟೈನ್ 1983ರಲ್ಲಿ ತೋರಿಸಿದ್ದರು. ದಾರದ ಉದ್ದವನ್ನೇ ಶಕ್ತಿ ಎಂದು ಹಿಡಿದರೆ ದಾ ರಿಯೋಸ್ 1906ರಲ್ಲಿ ಬರೆದ ಸುಳಿಯ ಸಮೀಕರಣ ಸಿಗುತ್ತದೆ. ಹೊಗೆಯ ಉಂಗುರ ತನ್ನ ಅಕ್ಷದ ಗುಂಟ ಮುಂದೆ ಹೋಗುತ್ತದಲ್ಲ, ಹೆಚ್ಚುಕಡಿಮೆ ಅದೇ. ಏಳು ಆಯಾಮದಲ್ಲಿ ಏನಾಗಬಹುದು? 1 ಮತ್ತು 2ರ ಸಮತಲದಲ್ಲಿ ಒಂದು ವೃತ್ತ ಇಟ್ಟೆ. ಅದಕ್ಕೆ ಲಂಬವಾಗಿ ಐದು ದಿಕ್ಕು. ಲೆಕ್ಕದಲ್ಲಿ ಸೈನ್ ವರ್ಗ, ಕೊಸೈನ್ ವರ್ಗ ಕೂಡಿ 1 ಆಯಿತು. ಉಂಗುರ ನೇರ 3ನೇ ದಿಕ್ಕಿಗೇ ಹೊರಟಿತು, ಉಳಿದ ನಾಲ್ಕನ್ನು ತಿರುಗಿಯೂ ನೋಡಲಿಲ್ಲ. ವೇಗ ತ್ರಿಜ್ಯದ ವಿಲೋಮ, ಚಿಕ್ಕ ಉಂಗುರಕ್ಕೆ ಓಟ ಜಾಸ್ತಿ. ಅರ್ಧ ಪುಟದ ಲೆಕ್ಕ ಅಷ್ಟೇ, ಆದರೆ ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಇನ್ನೊಂದು ಕಡೆ ಎಡವಿದೆ. ಜಿ2 ಮ್ಯಾನಿಫೋಲ್ಡ್‌ನ ಗಂಟುಗಳ ಜಾಗ ‘ಫಾರ್ಮಲಿ’ ಕೇಲರ್, ಅಂದರೆ ಅಲ್ಲಿ ಸಂಕೀರ್ಣ ರಚನೆಯೂ ಸಿಂಪ್ಲೆಕ್ಟಿಕ್ ರಚನೆಯೂ ಹೊಂದಿಕೊಂಡಿವೆ ಎಂದು ಗಣಿತಜ್ಞ ವೆರ್ಬಿಟ್ಸ್ಕಿ ಸಾಧಿಸಿದ್ದಾರೆ. ಆ ‘ಫಾರ್ಮಲಿ’ಯನ್ನು ನಾನು ಅಲಂಕಾರ ಎಂದುಕೊಂಡಿದ್ದೆ. ಸೀಮಿತ ಆಯಾಮದಲ್ಲಿ ನೈಯೆನ್‌ಹೌಸ್ ಟೆನ್ಸರ್, ಅಂದರೆ ಸಂಕೀರ್ಣ ರಚನೆಯ ತೊಡಕನ್ನು ಅಳೆಯುವ ರಾಶಿ, ಸೊನ್ನೆಯಾದರೆ ಸಂಕೀರ್ಣ ನಿರ್ದೇಶಾಂಕ (ಸಂಕೀರ್ಣ ಸಂಖ್ಯೆಗಳಲ್ಲಿ ಜಾಗ ಗುರುತಿಸುವ ವ್ಯವಸ್ಥೆ) ಸಿಕ್ಕೇ ಸಿಗುತ್ತದೆ, 1957ರ ನ್ಯೂಲ್ಯಾಂಡರ್–ನಿರೆನ್‌ಬರ್ಗ್ ಪ್ರಮೇಯ. ಅನಂತ ಆಯಾಮದಲ್ಲಿ ಆ ಭರವಸೆ ಇಲ್ಲ, ‘ಫಾರ್ಮಲಿ’ ಎಂದರೆ ಟೆನ್ಸರ್ ಸೊನ್ನೆ ಎಂದಷ್ಟೇ. ಮೂರು ಆಯಾಮದ ಗಂಟುಗಳಲ್ಲೇ ಟೆನ್ಸರ್ ಸೊನ್ನೆ ಇದ್ದರೂ ಅಂಥ ನಿರ್ದೇಶಾಂಕ ಸಿಗುವುದಿಲ್ಲ ಎಂದು ಲೆಂಪರ್ಟ್ 1993ರಲ್ಲೇ ತೋರಿಸಿದ್ದರು. ನಿರ್ದೇಶಾಂಕ ಇದೆ ಎಂದು ನಂಬಿ ಬರೆದ ಹನ್ನೊಂದು ಪುಟಗಳಿಗೆ ಅಡ್ಡಗೆರೆ ಹಾಕಿದೆ. ಉಂಗುರದ ಆ ಅರ್ಧ ಪುಟ ಮಾತ್ರ ಉಳಿಯಿತು.