ಸೊಸೈಟಿ ನಿರ್ದೇಶಕರೇ, ಸುಮ್ನೆ ಸಹಿ ಹಾಕಬೇಡಿ

ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯ ಸಹಕಾರಿ ಸೊಸೈಟಿಗಳಿಗೆ ಹೊಸದಾಗಿ ನಿರ್ದೇಶಕರಾದವರಿಗೆ ಒಂದು ಸಲಹೆ. ಕಾಫಿ ಕುಡಿದು ನಡಾವಳಿ ಪುಸ್ತಕಕ್ಕೆ ಸಹಿ ಹಾಕಿ ಬರೋದಷ್ಟೇ ಆಡಳಿತ ಮಂಡಳಿಯ ಕೆಲಸವಲ್ಲ. ಸೊಸೈಟಿಯ ಹಣ, ಚಿನ್ನದಲ್ಲಿ ವಂಚನೆ ನಡೆಯದಂತೆ ನೋಡಿಕೊಳ್ಳುವುದೂ ನಿಮ್ಮದೇ ಹೊಣೆ.

ಮೊದಲು ಅಡವಿಟ್ಟ ಚಿನ್ನ ನೋಡಿ. ಮುಂಚೆ ತಿಳಿಸದೆ ಒಂದು ದಿನ ಹೋಗಿ. ಕೆಲವು ಪೊಟ್ಟಣ ನೀವೇ ಆರಿಸಿ, ಬೇರೆ ಅಕ್ಕಸಾಲಿಗರಿಂದ ಪರೀಕ್ಷೆ ಮಾಡಿಸಿ. ಕಾರ್ಯದರ್ಶಿ ಆರಿಸಿಕೊಟ್ಟ ಪೊಟ್ಟಣ ನೋಡಿ ಪ್ರಯೋಜನವಿಲ್ಲ. ಲೆಕ್ಕದ ಪುಸ್ತಕದ ಬಾಕಿಯನ್ನು ಬ್ಯಾಂಕಿನಿಂದಲೇ ತಂದ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡಿ. ನಗದು ಹಿಡಿಯುವವರು, ಲೆಕ್ಕ ಬರೆಯುವವರು ಬೇರೆಬೇರೆ ಇರಲಿ. ಸಿಬ್ಬಂದಿ ಕಡಿಮೆ ಅಂತಾರೆ, ಅದೂ ನಿಜವೇ. ಹಾಗಿದ್ದರೆ ಆಗಾಗ ಒಬ್ಬ ನಿರ್ದೇಶಕರೇ ನಗದು ಎಣಿಸಲಿ.

ವರ್ಷಗಟ್ಟಲೆ ರಜೆಯನ್ನೇ ಹಾಕದ ನೌಕರರನ್ನು ಹೊಗಳುತ್ತೇವೆ ಅಲ್ವಾ? ಅವರಿಗೂ ಕಡ್ಡಾಯ ರಜೆ ಕೊಟ್ಟು, ಆ ಕುರ್ಚಿಯಲ್ಲಿ ಬೇರೆಯವರನ್ನು ಕೂರಿಸಿ. ಮುಚ್ಚಿಟ್ಟಿದ್ದು ಎಷ್ಟೋ ಸಲ ಆಗಲೇ ಹೊರಬರುತ್ತದೆ.

ವಂಚನೆ ಪರೀಕ್ಷಕರ ಅಂತರರಾಷ್ಟ್ರೀಯ ಸಂಘಟನೆ ಎಸಿಎಫ್‌ಇಯ 2024ರ ವರದಿಯಲ್ಲಿ ಶೇ 43ರಷ್ಟು ಪ್ರಕರಣ ಬಯಲಾಗಿದ್ದು ಯಾರೋ ಕೊಟ್ಟ ಸುಳಿವಿನಿಂದ. ಹಾಗಾಗಿ ಸದಸ್ಯರ ದೂರು ನೇರವಾಗಿ ಮಂಡಳಿಗೆ ಬರಲಿ, ಕಾರ್ಯದರ್ಶಿ ಮೇಜಿನ ಮೂಲಕ ಬೇಡ. ಅನುಮಾನ ಗಟ್ಟಿಯಾದರೆ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 64ನೇ ಕಲಂ ಅಡಿ ಮಂಡಳಿಯೇ ಬಹುಮತದಿಂದ ಸಹಕಾರ ಸಂಘಗಳ ನಿಬಂಧಕರಿಗೆ (ರಿಜಿಸ್ಟ್ರಾರ್) ವಿಚಾರಣೆ ನಡೆಸಲು ಕೇಳಬಹುದು.