ನಿಮ್ಮ ಕನಸನ್ನು ನೀವೇ ಬಿಡಿಸಿ ನೋಡುವುದು ಹೇಗೆ?

ಹಾವು ಕಂಡರೆ ಇಂಥ ಫಲ, ಹಲ್ಲು ಉದುರಿದರೆ ಇಂಥ ಫಲ ಎಂದು ಹೇಳುವ ಪಟ್ಟಿಗಳನ್ನು ಮೊದಲು ಪಕ್ಕಕ್ಕಿಡಿ. ಮನೋವಿಶ್ಲೇಷಣೆಯನ್ನು ರೂಪಿಸಿದ ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡ್ ಕೆಲವು ಸಂಕೇತಗಳಿಗೆ ಸಾಮಾನ್ಯ ಅರ್ಥವಿದೆಯೆಂದು ಒಪ್ಪಿದ್ದರೂ, ಕನಸಿನ ಬೀಗದ ಕೈ ಕನಸು ಕಂಡವರ ಬಳಿಯೇ ಇರುತ್ತದೆ ಎಂಬ ನಂಬಿಕೆಯ ಮೇಲೆ ತಮ್ಮ ವಿಧಾನವನ್ನು ಕಟ್ಟಿದರು.

ಎಚ್ಚರವಾದ ಕೂಡಲೇ, ನೆನಪಿಗೆ ಬಂದಷ್ಟನ್ನು ಬಂದ ಕ್ರಮದಲ್ಲಿಯೇ ಬರೆದುಕೊಳ್ಳಿ. ತುಂಡುಗಳನ್ನು ಜೋಡಿಸಿ ಕಥೆ ಮಾಡಲು ಹೋಗಬೇಡಿ. ಹೀಗೆ ಬರೆದದ್ದು ಕನಸಿನ ಮೇಲ್ನೋಟದ ರೂಪ ಮಾತ್ರ. ನಾವು ಒಪ್ಪಿಕೊಳ್ಳಲಾರದೆ ಸುಪ್ತಮನಸ್ಸಿಗೆ ತಳ್ಳಿದ ಆಸೆ, ಅಂಜಿಕೆಗಳು ವೇಷ ಮರೆಸಿಕೊಂಡು ಅದರಲ್ಲಿ ಕುಳಿತಿರುತ್ತವೆ ಎಂಬುದು ಫ್ರಾಯ್ಡರ ವಾದ.

ಅನಂತರ ಕನಸನ್ನು ಬಿಡಿಬಿಡಿಯಾಗಿ ತೆಗೆದುಕೊಂಡು, ಪ್ರತಿಯೊಂದು ಚೂರಿಗೂ ಮನಸ್ಸಿಗೆ ತೋಚಿದ್ದನ್ನೆಲ್ಲ, ಅದು ಕ್ಷುಲ್ಲಕವೆನಿಸಲಿ, ನಾಚಿಕೆಗೇಡೆನಿಸಲಿ, ಸೋಸದೆ ಬರೆಯಿರಿ. ಇದೇ ಮುಕ್ತ ಸಾಹಚರ್ಯ. ಹೇಳುವಷ್ಟು ಸುಲಭದ ಕೆಲಸವಲ್ಲ ಇದು.

ಒಂದು ಉದಾಹರಣೆ ನೋಡೋಣ. ಒಬ್ಬಾತನ ಕನಸಿನಲ್ಲಿ ಅವನ ಅಣ್ಣ ಹಳೆಯ ಗಣಿತದ ಮೇಷ್ಟ್ರ ಕನ್ನಡಕ ಹಾಕಿಕೊಂಡು ಬಾಗಿಲಲ್ಲಿ ಸುಮ್ಮನೆ ನಿಂತಿದ್ದಾನೆ. ‘ಕನ್ನಡಕ’ ಎಂದಾಗ, ಲೆಕ್ಕ ತಪ್ಪಿದರೆ ಮೇಷ್ಟ್ರು ಅದರ ಮೇಲಿಂದ ನೋಡುತ್ತಿದ್ದ ನೋಟ ನೆನಪಾಗುತ್ತದೆ. ‘ಬಾಗಿಲು’ ಎಂದಾಗ, ಅಣ್ಣನಿಂದ ಪಡೆದು ಇನ್ನೂ ತೀರಿಸದ ಸಾಲ. ಹಿಂದಿನ ದಿನವಷ್ಟೇ ಅಣ್ಣ ಬಂದು ಹೋಗಿದ್ದ, ಹಣದ ಮಾತೆತ್ತಿರಲಿಲ್ಲ. ಇಬ್ಬರು ಒಬ್ಬರಾದ ಈ ಬೆಸುಗೆಯನ್ನು ಸಾಂದ್ರೀಕರಣ ಎನ್ನುತ್ತಾರೆ. ಫ್ರಾಯ್ಡರ ಕನಸೊಂದರಲ್ಲಿಯೂ ಅವರ ಗೆಳೆಯರೊಬ್ಬರ ಮುಖ ಚಿಕ್ಕಪ್ಪನ ಹಳದಿ ಗಡ್ಡದೊಂದಿಗೆ ಹೀಗೆಯೇ ಬೆರೆತಿತ್ತು. ಇನ್ನು, ಸಾಲದ ಅಳುಕೆಲ್ಲ ಒಂದು ಕನ್ನಡಕದ ಮೇಲೆ ಹೋಗಿ ಕುಳಿತದ್ದು ಸ್ಥಾನಪಲ್ಲಟ.

ಬರೆಯುತ್ತಿರುವಾಗ ‘ಇದರಲ್ಲೇನೂ ಇಲ್ಲ’ ಎನ್ನಿಸಿ ಪೆನ್ನು ನಿಲ್ಲುವ ಜಾಗವೊಂದು ಬರುತ್ತದೆ. ಅಲ್ಲಿ ಗುರುತು ಹಾಕಿಕೊಂಡು ಮರುದಿನ ಮತ್ತೆ ಬನ್ನಿ. ನನ್ನ ಮಟ್ಟಿಗೆ ಇಡೀ ವಿಧಾನದಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಪ್ರತಿರೋಧದ, ಅಂದರೆ ಅಡಗಿದ್ದು ಹೊರಬರದಂತೆ ಮನಸ್ಸೇ ತಡೆಯುವುದರ, ಈ ಗುರುತೇ. ಎಲ್ಲ ಕನಸೂ ಆಸೆಯ ಪೂರೈಕೆ ಎಂಬ ಪ್ರಸಿದ್ಧ ಸೂತ್ರವನ್ನು ಮಾತ್ರ ಅಷ್ಟು ಬಿಗಿಯಾಗಿ ಹಿಡಿಯಬೇಕಿಲ್ಲ: ಆಘಾತಕ್ಕೊಳಗಾದವರಿಗೆ ಮರುಕಳಿಸುವ ಕನಸುಗಳು ಅದಕ್ಕೆ ಹೊಂದುವುದಿಲ್ಲವೆಂದು ಫ್ರಾಯ್ಡರೇ 1920ರಲ್ಲಿ ಒಪ್ಪಿಕೊಂಡರು. ಅಂಥ ಕನಸುಗಳು ಕಾಡುತ್ತಿದ್ದರೆ ಒಬ್ಬರೇ ಕುಳಿತು ಬಿಡಿಸಲು ಹೋಗದೆ ಮನೋವೈದ್ಯರನ್ನು ಕಾಣಿರಿ. ಬೇರೆಯವರ ಕನಸಿಗೆ ಅರ್ಥ ಹಚ್ಚುವ ಚಪಲವೂ ಬೇಡ. ಅವರ ಸಾಹಚರ್ಯಗಳು ನಿಮ್ಮ ಕೈಯಲ್ಲಿರುವುದಿಲ್ಲ.

ಎಷ್ಟು ಬಿಡಿಸಿದರೂ ಎಳೆಗಳು ಮತ್ತಷ್ಟು ಗೋಜಲಾಗುವ ಒಂದು ಬಿಂದು ಉಳಿದೇ ಉಳಿಯುತ್ತದೆ. ಫ್ರಾಯ್ಡರು ಅದನ್ನು ಕನಸಿನ ಹೊಕ್ಕುಳು ಎಂದು ಕರೆದರು. ಅಲ್ಲಿಗೆ ಬಂದಾಗ ಪುಸ್ತಕ ಮುಚ್ಚಿಡಬಹುದು.